ಸಂಗೀತ ಸರ್ ಬರುವ ದಿನ ನಾವೇನು ಮಾಡಬೇಕು?



ಈ ಸಲದ ಗೋಡೆ ಪತ್ರಿಕೆಗೆ "ನಿನಗೆ ತಿಳಿದ ವಿಷಯದ ಮೇಲೆ ಒಂದು ಅಭಿಪ್ರಾಯ ಬರಿ" ಅಂತ ಸಂಪಾದಕ ಗೆಳೆಯರು ಹೇಳಿದರು. ನನಗೆ ತಿಳಿದದ್ದು ಸ್ವಲ್ಪ. ಆದರೆ ಗುರುವಾರದ ಸಂಗೀತ ಪೀರಿಯಡ್ಡಿನ ಬಗ್ಗೆ ಮಾತ್ರ ಹೇಳುವುದು ಬಹಳ ಇದೆ. ಬರೆಯುತ್ತಾ ಹೋದಂತೆ ಹಾಳೆ ಹೆಚ್ಚಾದವು. ಅಕ್ಷರವೂ ಸಣ್ಣದಾಗಿದೆ. ದಯವಿಟ್ಟು ಬೇಸರ ಮಾಡಿಕೊಳ್ಳದೆ ಕೊನೆತನಕ ಓದಬೇಕೆಂದು ಕೋರುತ್ತೇನೆ.

ನಮ್ಮ ಸಂಗೀತ ಸರ್ ವಾರಕ್ಕೊಮ್ಮೆ ಗಂಗಾವತಿ ಬಸ್ಸಿಗೆ ಬರುತ್ತಾರೆ. ಅವರು ನಮ್ಮ ಶಾಲೆಯ ಕಾಯಂ ಶಿಕ್ಷಕರಲ್ಲ. ಉಳಿದ ದಿನ ಬೇರೆ ಬೇರೆ ಊರಿನ ಶಾಲೆಗಳಿಗೆ ಹೋಗುತ್ತಾರೆ. ಪೇಟಿ ಅಂದರೆ ಹಾರ್ಮೋನಿಯಂ, ಮತ್ತು ತಬಲಾ ಕಲಿಸುತ್ತಾರೆ. ಅವರಿಗೆ ಕಣ್ಣು ಕಾಣುವುದಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ನಾವು ಸಾಲಾಗಿ ಕುಳಿತು ನುಡಿಸುವಾಗ ಯಾರು ತಪ್ಪಿದರು ಎಂಬುದು ಅವರಿಗೆ ಕೇಳಿಯೇ ಗೊತ್ತಾಗುತ್ತದೆ. "ಕಿಡಕಿ ಕಡೆ ಕುಂತಾವ, ಗ ಬಿಟ್ಟು ಹಾರಿದಿ ನೋಡು ತಮ್ಮಾ, ಹಿಂದಕ್ಕ ಬಾ" ಅನ್ನುತ್ತಾರೆ. ಬೈಯುವುದಿಲ್ಲ. ಹಿಂದಕ್ಕೆ ಬಾ ಅನ್ನುತ್ತಾರೆ ಅಷ್ಟೇ.

ಕಳೆದ ತಿಂಗಳು ನಾನು ಒಂದು ಕೆಲಸ ಮಾಡಿದೆ. ಒಂದು ಗುರುವಾರ ಗಡಿಯಾರ ನೋಡಿಕೊಂಡು ಆ ಪೀರಿಯಡ್ಡಿನ ಲೆಕ್ಕವನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದೆ. ಪೀರಿಯಡ್ 40 ನಿಮಿಷ. ಬೀರುವಿನ ಬೀಗದ ಕೈ ಯಾರ ಹತ್ತಿರ ಐತಿ ಅಂತ ಹುಡುಕಲು 8 ನಿಮಿಷ ಹೋಯಿತು. ಡೆಸ್ಕು ಸರಿಸಿ, ಜಮಖಾನ ಹಾಸಿ, ಪೇಟಿ ತಬಲಾ ಹೊತ್ತು ತರಲು 4 ನಿಮಿಷ. ತಬಲಾ ಶ್ರುತಿ ಮಾಡಲು 5 ನಿಮಿಷ. ಹಾಜರಿಗೆ 3 ನಿಮಿಷ. ಹೀಗೆ 20 ನಿಮಿಷ ಹೋಗಿ 20 ಉಳಿಯಿತು. ನಾವು 24 ಮಂದಿ, ಪೇಟಿ ಒಂದು. ಭಾಗಾಕಾರ ಮಾಡಿದರೆ ಒಬ್ಬೊಬ್ಬರಿಗೆ 50 ಸೆಕೆಂಡು. ಅಷ್ಟರಲ್ಲಿ ಸಾ ರೆ ಗ ಮ ಪ ಧ ನಿ ಸಾ ಅಂತ ಒಂದು ಸಲ ಮೇಲೆ ಹತ್ತಿ ಇಳಿದು ಬರುವುದರಲ್ಲಿ "ಮುಂದಿನವರು ಬರ್ರಿ" ಅನ್ನುವ ಹೊತ್ತಾಗಿರುತ್ತದೆ. ಮುಂದಿನ ಗುರುವಾರದ ತನಕ ಆ ಪೇಟಿಯ ಮೇಲೆ ಮತ್ತೆ ಕೈ ಇಡುವಂತಿಲ್ಲ. ಗುರುವಾರ ಹಬ್ಬ ಬಂದರೆ, ಟೆಸ್ಟ್ ಬಂದರೆ ಅದೂ ಇಲ್ಲ.

ಇದರಲ್ಲಿ ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ಎಲ್ಲರಿಗೂ ಅವರವರ ಕೆಲಸ ಇರುತ್ತವೆ. ಬೀಗದ ಕೈ ಹುಡುಕುವಾಗ ನಗುತ್ತಾ ಓಡಾಡಿದವರಲ್ಲಿ ನಾನೂ ಒಬ್ಬ. ಎಷ್ಟು ತಡವಾದರೆ ಅಷ್ಟು ಮಜಾ ಅಂತ ಅಂದುಕೊಂಡಿದ್ದೆ. ಲೆಕ್ಕ ಬರೆದ ಮೇಲೆ ಮಾತ್ರ ನಾಚಿಕೆಯಾಯಿತು.

ನಮ್ಮ ಶ್ರೀರಾಮನಗರದವರಿಗೆ ಒಂದು ಉದಾಹರಣೆ ಹೇಳಿದರೆ ತಟ್ಟನೆ ತಿಳಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರು ಅಂತ ಪೇಪರಿನಲ್ಲಿ ಬಂದ ಕೂಡಲೇ ಯಾರ ಗದ್ದೆಯೂ ತುಂಬುವುದಿಲ್ಲ. ತೂಬು ತೆಗೀಬೇಕು, ಸಣ್ಣ ಕಾಲುವೆಯ ಹೂಳು ಎತ್ತಬೇಕು, ಸರದಿ ಬಂದಾಗ ನಡುರಾತ್ರಿಯಾದರೂ ಸಲಿಕೆ ಹಿಡಿದು ಹೋಗಿ ಮಡಿಗೆ ನೀರು ತಿರುವಬೇಕು. ಇಷ್ಟು ಮಾಡದೆ "ನೀರು ಬಂದಿದ್ವು, ಆದ್ರೂ ಭತ್ತ ಒಣಗಿತು" ಅಂದರೆ ಊರವರು ನಗುತ್ತಾರೆ. ಸಂಗೀತ ಸರ್ ಬಂದದ್ದು ಕಾಲುವೆಗೆ ನೀರು ಬಿಟ್ಟ ಹಾಗೆ. ಅದನ್ನು ಮಕ್ಕಳ ಬೆರಳಿನ ತನಕ ಮುಟ್ಟಿಸುವುದು ಶಾಲೆಯ ಕೆಲಸ, ಅಂದರೆ ನಮ್ಮೆಲ್ಲರ ಕೆಲಸ. ನಾನು ಹೇಳಬೇಕೆಂದಿರುವುದು ಇದೊಂದೇ ಮಾತು.

ಮುಟ್ಟಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯಲ್ಲೇ ಸಾಕ್ಷಿ ಇದೆ. ನಮ್ಮ ಅಕ್ಕ ಅಜ್ಜಿಯ ಊರಿನಲ್ಲಿದ್ದು ಓದಿದವಳು. ಆ ಊರಿನ ಹೆಸರು, ಶಾಲೆಯ ಹೆಸರು ಬರೆಯುವುದಿಲ್ಲ. ಅಲ್ಲಿಗೂ ಒಬ್ಬ ಪೇಟಿ ಮಾಸ್ತರರು ಎರಡು ಬಸ್ ಬದಲಿಸಿ ವಾರಕ್ಕೊಮ್ಮೆ ಬರುತ್ತಿದ್ದರು. ಒಂದು ವಾರ ಅವರ ಪೀರಿಯಡ್ಡನ್ನು ಟೆಸ್ಟಿಗೆ ತೆಗೆದುಕೊಂಡರು. ಮರುವಾರ ಕ್ರೀಡಾಕೂಟದ ತಯಾರಿ. ಮೂರನೆಯ ವಾರ ಇನ್ನೊಂದು ವಿಷಯದ ಸ್ಪೆಷಲ್ ಕ್ಲಾಸ್. ಮೂರು ಸಲವೂ ಯಾರೂ ಅವರಿಗೆ ಮುಂಚೆ ಒಂದು ಫೋನ್ ಮಾಡಲಿಲ್ಲ. ಬಂದರು, ಕಟ್ಟೆಯ ಮೇಲೆ ಕುಳಿತರು, ನೀರು ಕುಡಿದು ಹೋದರು. ನಾಲ್ಕನೆಯ ವಾರ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಯಾರೂ ಕೇಳಲೂ ಇಲ್ಲ. ಆಗ ಅಕ್ಕ ಭೂಪ ರಾಗ ಕಲಿಯುತ್ತಿದ್ದಳು. ಜೂನಿಯರ್ ಪರೀಕ್ಷೆ ಕಟ್ಟಬೇಕೆಂಬ ಆಸೆ ಇತ್ತು. ಅದು ಅಲ್ಲಿಗೇ ನಿಂತಿತು. ವರ್ಷ ಕಳೆದು ಬೀರು ತೆಗೆದಾಗ ಪೇಟಿಯ ತಿದಿಯನ್ನು ಇಲಿ ಕಡಿದಿತ್ತಂತೆ. ಈಗಲೂ ಅಕ್ಕ ರೊಟ್ಟಿ ಬಡಿಯುವಾಗ ಸಾ ರೆ ಗ ಪ ಧ ಅಂತ ಗುನುಗುತ್ತಾಳೆ. ಮೊನ್ನೆ ಈ ಲೇಖನದ ಸುದ್ದಿ ಹೇಳಿದಾಗ ಅವಳು ಹೇಳಿದ್ದು ಇಷ್ಟೇ: "ಸರ್ ಬರೋದು ಬಿಟ್ರು ಅಂತ ನಾವು ಅಂದ್ಕೊಂಡಿದ್ವಿ. ನಾವೇ ಕಳಿಸಿಬಿಟ್ಟಿವಿ ಅಂತ ಆಮ್ಯಾಲೆ ಗೊತ್ತಾತು."

ಊರಿಂದ ಊರಿಗೆ ತಿರುಗಿ ಸಂಗೀತ ಕಲಿಸುವುದು ನಮ್ಮ ಸೀಮೆಗೆ ಹೊಸದಲ್ಲ. ನಮ್ಮ ಸರ್ ಕಲಿತ ಪುಣ್ಯಾಶ್ರಮದ ಕಥೆಯೇ ಅದು. ಪಂಡಿತ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು. ಹುಟ್ಟಿನಿಂದಲೇ ದೃಷ್ಟಿ ಇರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಅವರ ಸಂಗೀತ ವಿದ್ಯೆಗೆ ಆಸರೆಯಾದರು. ಮುಂದೆ ಅವರು ಶಿಷ್ಯರನ್ನು ಕಟ್ಟಿಕೊಂಡು ಸಂಚಾರಿ ಸಂಗೀತ ಪಾಠಶಾಲೆ ನಡೆಸಿದರು. ಅಂದರೆ ಶಾಲೆಯೇ ಊರೂರು ತಿರುಗುತ್ತಿತ್ತು! ಗುಡಿಯೋ ಮಠವೋ ಇಳಿದುಕೊಳ್ಳಲು ಜಾಗ, ಭಕ್ತರು ಕೊಟ್ಟ ರೊಟ್ಟಿ ಜೋಳ, ಇದೇ ಆ ಶಾಲೆಯ ಆಸ್ತಿ. ಕೊನೆಗೆ ಗದುಗಿನಲ್ಲಿ ಬಸರಿಗಿಡದ ವೀರಪ್ಪನವರು ಜಾಗ ಕೊಟ್ಟಿದ್ದರಿಂದ ಅದು ಒಂದು ಕಡೆ ನೆಲೆ ನಿಂತು ವೀರೇಶ್ವರ ಪುಣ್ಯಾಶ್ರಮವಾಯಿತು. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡ ಮೇಲೆ ಅವರ ಶಿಷ್ಯ ಪಂಡಿತ ಪುಟ್ಟರಾಜ ಗವಾಯಿಗಳು ಆಶ್ರಮವನ್ನು ನಡೆಸಿದರು. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಆದರೂ ಪೇಟಿ, ತಬಲಾ, ಪಿಟೀಲು, ಸಾರಂಗಿ ಎಲ್ಲವೂ ಅವರ ಕೈಗೆ ಒಲಿದಿದ್ದವು. ಆಶ್ರಮದ ಮಕ್ಕಳ ಊಟ, ವಿದ್ಯೆಗಾಗಿ ನಾಟಕ ಕಂಪನಿಯನ್ನೂ ನಡೆಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ನಮ್ಮನ್ನು ಅಗಲಿದರು.

ಗವಾಯಿಗಳ ಹೆಸರು ಎಲ್ಲರಿಗೂ ಗೊತ್ತು. ಆದರೆ ಅವರನ್ನು ಇಳಿಸಿಕೊಂಡ ಊರುಗಳ ಹೆಸರು ಯಾರಿಗೂ ನೆನಪಿಲ್ಲ. ರೊಟ್ಟಿ ಬಡಿದ ತಾಯಂದಿರು, ಚಾಪೆ ಹಾಸಿದವರು, ಮುಂದಿನ ಊರಿನ ತನಕ ದಾರಿ ತೋರಿಸಿದ ಹುಡುಗರು, ಅವರೆಲ್ಲ ಇರದಿದ್ದರೆ ಆ ಪಾಠಶಾಲೆ ಎಷ್ಟು ದಿನ ನಡೆಯುತ್ತಿತ್ತು? ಇಂದು ತಿರುಗುವ ಗುರುಗಳಿಗೆ ಅಂದಿನ ಊರಿನ ಜಾಗದಲ್ಲಿ ನಾವಿದ್ದೇವೆ.

ನಮ್ಮ ಶಾಲೆಗೆ ಸಂಗೀತ ಯಾಕೆ ಬೇಕು ಅಂತ ಕೆಲವರು ಕೇಳಬಹುದು. ನಮ್ಮದು ಕ್ಯಾಂಪು ಊರು. ಕಾಲುವೆ ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ನೆಲೆಸಿದವರು, ಸುತ್ತಲಿನ ಹಳ್ಳಿಗಳಿಂದ ದುಡಿಯಲು ಬಂದವರು ಕೂಡಿ ಬೆಳೆದ ಊರು. ಮನೆಯಲ್ಲಿ ಕೆಲವರು ತೆಲುಗು, ಕೆಲವರು ಕನ್ನಡ, ಕೆಲವರು ಉರ್ದು ಮಾತಾಡುತ್ತೇವೆ. ಆಟದ ಬಯಲಿನಲ್ಲಿ ಜಗಳ ಬಂದರೆ ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಬೈಯುತ್ತೇವೆ. ಆದರೆ ತಬಲಾದ ಮುಂದೆ ಕುಳಿತಾಗ ಎಲ್ಲರೂ ಧಾ ಧಿನ್ ಧಿನ್ ಧಾ ಅಂತಲೇ ಅನ್ನಬೇಕು. ತೀನ್‌ತಾಲಕ್ಕೆ 16 ಮಾತ್ರೆ ಅಂದರೆ ಎಲ್ಲರಿಗೂ 16. ಒಬ್ಬ ಅವಸರ ಮಾಡಿದರೆ ಎಲ್ಲರದೂ ಕೆಡುತ್ತದೆ. ಪಕ್ಕದವನು ಏನು ಮಾಡುತ್ತಿದ್ದಾನೆ ಅಂತ ಕಿವಿಗೊಟ್ಟು ಕೇಳುವುದನ್ನು ನಾನು ಆ ಪೀರಿಯಡ್ಡಿನಲ್ಲೇ ಕಲಿತದ್ದು.

ಕಾನೂನು ಕೂಡ ಇದನ್ನು ಬೇಡದ ವಿಷಯ ಅಂತ ಹೇಳಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ, 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ ಕಲಾ ಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯ ಶಿಕ್ಷಣ ಇವುಗಳಿಗೆ ಅರೆಕಾಲಿಕ ಬೋಧಕರು ಇರಬೇಕು ಎಂದಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಸಂಗೀತ, ನೃತ್ಯ, ಚಿತ್ರ, ನಾಟಕ ಇವು ಶಾಲೆಯ ಎಲ್ಲ ಹಂತದಲ್ಲೂ ಇರಲಿ ಎಂದಿದೆ. ಅರೆಕಾಲಿಕ ಎಂದರೆ ಅರೆಮನಸ್ಸಿನಿಂದ ನಡೆಸುವುದು ಎಂದು ಎಲ್ಲಿಯೂ ಬರೆದಿಲ್ಲ.

ಹಾಗಾದರೆ ನಾವೇನು ಮಾಡಬೇಕು? ನನ್ನ ಬುದ್ಧಿಗೆ ತಿಳಿದ ಐದು ಸಲಹೆಗಳನ್ನು ಕೊಡುತ್ತೇನೆ.

1. ಬಸ್ಸಿನಿಂದ ಕೋಣೆಯ ತನಕ. ಪ್ರತಿ ಗುರುವಾರ ಇಬ್ಬರ ಪಾಳಿ ಹಾಕೋಣ. ಒಬ್ಬರು ಬಸ್ ಸ್ಟ್ಯಾಂಡಿಗೆ ಹೋಗುವುದು. ಇನ್ನೊಬ್ಬರು ಆಫೀಸಿನಿಂದ ಬೀಗದ ಕೈ ತಂದು, ಜಮಖಾನ ಹಾಸಿ, ವಾದ್ಯ ಇಟ್ಟು ಸಿದ್ಧವಾಗಿರುವುದು. ಸರ್ ಅವರ ಕೈ ಹಿಡಿದು ಎಳೆಯಬಾರದು. ನಮ್ಮ ಮೊಣಕೈ ಅವರಿಗೆ ಹಿಡಿಯಲು ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಬೇಕು. ಮೆಟ್ಟಿಲು ಬಂದರೆ "ಸರ್, ಮ್ಯಾಲೆ ಮೂರು ಮೆಟ್ಲು" ಅಂತ ಹೇಳಬೇಕು. ಮಾತಾಡುವ ಮೊದಲು ನಮ್ಮ ಹೆಸರು ಹೇಳಬೇಕು. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

2. ಒಂದು ಕೋಣೆ, ಒಂದು ವೇಳೆ. ಒಂದು ವಾರ ಗ್ರಂಥಾಲಯ, ಮರುವಾರ ವರಾಂಡ, ಆಮೇಲೆ ಬೇವಿನ ಗಿಡದ ಕೆಳಗೆ ಅಂತ ಆಗಬಾರದು. ಪಕ್ಕದ ಕ್ಲಾಸಿನಲ್ಲಿ ಮಗ್ಗಿ ಕೂಗುತ್ತಿದ್ದರೆ ಶ್ರುತಿ ಕೇಳಿಸುವುದಿಲ್ಲ, ಅವರಿಗೂ ನಮ್ಮ ಪೇಟಿಯಿಂದ ತೊಂದರೆ. ಮೂಲೆಯ ಕೋಣೆ ಆದರೆ ಇಬ್ಬರಿಗೂ ಅನುಕೂಲ. ಪೀರಿಯಡ್ ರದ್ದು ಮಾಡಲೇಬೇಕಾದರೆ ಹಿಂದಿನ ದಿನ ಸಂಜೆಯೊಳಗೆ ಸರ್‌ಗೆ ಫೋನ್ ಹೋಗಬೇಕು. ಆ ಪೀರಿಯಡ್ಡನ್ನು ಬೇರೆ ದಿನ ಕೊಡಬೇಕು.

3. ವಾದ್ಯದ ಆರೈಕೆ. ಪೇಟಿಯೊಳಗೆ ಹಿತ್ತಾಳೆಯ ತೆಳು ರೀಡುಗಳಿರುತ್ತವೆ. ತಿದಿಯ ಗಾಳಿ ತಾಗಿ ಅವು ನಡುಗಿದಾಗ ಸ್ವರ ಬರುತ್ತದೆ. ರೀಡಿನಲ್ಲಿ ಧೂಳು ಸಿಕ್ಕರೆ ಸ್ವರವೇ ಬರುವುದಿಲ್ಲ. ತಬಲಾದ ಚರ್ಮ ಮಳೆಗಾಲದಲ್ಲಿ ತೇವ ಹಿಡಿದು ಸಡಿಲಾಗುತ್ತದೆ. ಅದಕ್ಕೇ ಸರ್ ಪ್ರತಿ ಸಲ ಸುತ್ತಿಗೆಯಿಂದ ತಟ್ಟಿ ಶ್ರುತಿಗೆ ತರುವುದು. ನಡುವಿನ ಕಪ್ಪು ವೃತ್ತ ಕಬ್ಬಿಣದ ಪುಡಿ ಸೇರಿಸಿದ ಲೇಪ, ಒದ್ದೆ ಕೈ ತಾಗಿದರೆ ಕೆಡುತ್ತದೆ. ಹೀಗಾಗಿ ಬಟ್ಟೆಯ ಹೊದಿಕೆ ಬೇಕು, ನೆಲದಿಂದ ಎತ್ತರದ ಜಾಗ ಬೇಕು. ಬಿಸಿಯೂಟ ಉಂಡ ಕೈ ತೊಳೆದು ಒರೆಸಿಕೊಂಡೇ ಮುಟ್ಟಬೇಕು. ಹೊದಿಕೆ ಹೊಲಿದುಕೊಡಲು ನಮ್ಮ ಕ್ಲಾಸಿನ ಒಬ್ಬ ಗೆಳತಿಯ ತಾಯಿ ಒಪ್ಪಿದ್ದಾರೆ.

4. ಸರ್ ಇಲ್ಲದ ದಿನದ ಅಭ್ಯಾಸ. ನನ್ನ ಪ್ರಕಾರ ಇದು ಎಲ್ಲಕ್ಕಿಂತ ಮುಖ್ಯ. ಹಾಡ್ತಾ ಹಾಡ್ತಾ ರಾಗ ಅನ್ನುವ ಗಾದೆ ಸುಳ್ಳಲ್ಲ. ವಾರಕ್ಕೊಮ್ಮೆ 50 ಸೆಕೆಂಡು ನುಡಿಸಿದರೆ ಯಾವ ರಾಗವೂ ಬರುವುದಿಲ್ಲ. ಸೋಮವಾರ 12 ಮಂದಿ, ಶುಕ್ರವಾರ 12 ಮಂದಿ, ಕೊನೆಯ ಗಂಟೆಯ ನಂತರ 36 ನಿಮಿಷ ಬೀರು ತೆಗೆದರೆ ಒಬ್ಬೊಬ್ಬರಿಗೆ 3 ನಿಮಿಷ ಸಿಗುತ್ತದೆ. ಉಳಿದವರು ಕೈಯಲ್ಲಿ ತಾಳ ಹಾಕುತ್ತಾ ಮಾತ್ರೆ ಎಣಿಸಬೇಕು. ದೂರದ ವೆನಿಜುವೆಲಾ ದೇಶದಲ್ಲಿ 1975ರಲ್ಲಿ ಹೊಸೆ ಆಂಟೋನಿಯೊ ಅಬ್ರೆಯು ಎಂಬುವರು ಕೆಲವೇ ಮಕ್ಕಳನ್ನು ಕೂಡಿಸಿ ‘ಎಲ್ ಸಿಸ್ತೆಮಾ’ ಎಂಬ ವಾದ್ಯ ಶಿಕ್ಷಣ ಶುರುಮಾಡಿದರು. ಬಡ ಮಕ್ಕಳ ಕೈಗೇ ವಾದ್ಯ ಕೊಟ್ಟು, ಎಲ್ಲರೂ ಒಟ್ಟಿಗೆ ಅಭ್ಯಾಸ ಮಾಡುವುದು ಅದರ ಪದ್ಧತಿ. ಮುಂದೆ ಲಕ್ಷಾಂತರ ಮಕ್ಕಳು ಅದರಲ್ಲಿ ಕಲಿತರು. ಬೀರುವಿನಲ್ಲಿ ಭದ್ರವಾಗಿಟ್ಟ ವಾದ್ಯದಿಂದ ಯಾವ ದೇಶದಲ್ಲೂ ಯಾರೂ ಕಲಿತಿಲ್ಲ.

5. ಗೌರವ. ಸಂಗೀತ ಸರ್ ಅವರ ಹೆಸರು ವೇಳಾಪಟ್ಟಿಯಲ್ಲಿ ಇರಬೇಕು. ಸ್ಟಾಫ್ ರೂಮಿನಲ್ಲಿ ಅವರಿಗೊಂದು ಕುರ್ಚಿ ಇರಬೇಕು. ಆಗಸ್ಟ್ 15 ಹತ್ತಿರ ಬಂದಾಗ ಮಾತ್ರ ನೆನಪಾಗಬಾರದು. ವಾರ್ಷಿಕೋತ್ಸವದಲ್ಲಿ ಪೆನ್‌ಡ್ರೈವ್ ಹಾಡಿಗೆ ಕುಣಿಯುತ್ತೇವೆ, ಪೇಟಿ ನುಡಿಸುವ ಗುರುಗಳು ಕೆಳಗೆ ಕುಳಿತು ಕೇಳುತ್ತಾರೆ. ಈ ವರ್ಷ ಸ್ವಾಗತ ಗೀತೆ, ಒಂದು ಜಾನಪದ ಗೀತೆ ಇಷ್ಟಾದರೂ ನಮ್ಮದೇ ಪೇಟಿ, ನಮ್ಮದೇ ತಬಲಾದ ಜೊತೆ ಆಗಲಿ. ಸ್ವಲ್ಪ ತಪ್ಪಿದರೂ ಪರವಾಗಿಲ್ಲ.

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. ಮೊದಲನೆಯದು: "ಹುಡುಗರ ಕೈಗೆ ಕೊಟ್ರೆ ಮುರೀತಾರ." ಈ ಭಯ ಸುಳ್ಳಲ್ಲ. ನಾವು ಚೆಂಡು, ಗ್ಲೋಬು ಎಲ್ಲ ಮುರಿದವರೇ. ಅದಕ್ಕೊಂದು ರಿಜಿಸ್ಟರ್ ಇಡೋಣ. ತೆಗೆಯುವಾಗ ಒಬ್ಬರ ಸಹಿ, ಇಡುವಾಗ ಒಬ್ಬರ ಸಹಿ, ಏನಾದರೂ ಕೆಟ್ಟಿದ್ದರೆ ಅಂದೇ ಬರೆಯುವುದು. ಆದರೆ ಅಕ್ಕನ ಶಾಲೆಯ ಪೇಟಿ ಕೆಟ್ಟದ್ದು ಮಕ್ಕಳು ಮುಟ್ಟಿದ್ದರಿಂದಲ್ಲ, ಯಾರೂ ಮುಟ್ಟದೆ ಇದ್ದದ್ದರಿಂದ ಎಂಬುದನ್ನೂ ನೆನಪಿಡಬೇಕು.

ಎರಡನೆಯದು: "ಎಸ್ಸೆಸ್ಸೆಲ್ಸಿ ರಿಸಲ್ಟ್ ಮುಖ್ಯ." ಹೌದು, ಮುಖ್ಯ. ನಮ್ಮ ಗಣಿತ, ವಿಜ್ಞಾನ ಗುರುಗಳು ನಮಗಾಗಿ ಬೆಳಗಿನ ಹೊತ್ತು ಕ್ಲಾಸ್ ತೆಗೆದುಕೊಳ್ಳುವುದನ್ನು ನಾವು ಮರೆಯುವುದಿಲ್ಲ. ಆದರೆ ವಾರಕ್ಕೆ ಒಂದೇ ಪೀರಿಯಡ್ ಇರುವ ವಿಷಯದಿಂದ ಒಂದನ್ನು ತೆಗೆದುಕೊಂಡರೆ ಆ ವಾರ ಪೂರ್ತಿ ಸೊನ್ನೆ. ಬೇರೆ ವಿಷಯಗಳಲ್ಲಿ ಒಂದು ಹೋದರೂ ಮೂರೋ ನಾಲ್ಕೋ ಉಳಿಯುತ್ತವೆ. ಈ ಲೆಕ್ಕವನ್ನು ಗಣಿತದ ಗುರುಗಳೇ ಒಪ್ಪುತ್ತಾರೆಂದು ನನ್ನ ನಂಬಿಕೆ. ಬೇಕಾದರೆ 10ನೇ ತರಗತಿಯವರಿಗೆ ಪರೀಕ್ಷೆಯ ಮುಂಚಿನ ತಿಂಗಳುಗಳಲ್ಲಿ ಬಿಡುವು ಕೊಡಲಿ. 8 ಮತ್ತು 9ನೇ ತರಗತಿಯವರದು ಮಾತ್ರ ನಿಲ್ಲಬಾರದು.

ಮೂರನೆಯದು: "ದುಡ್ಡು ಎಲ್ಲಿಂದ ತರೋದು?" ತಿರುಗುವ ಶಿಕ್ಷಕರಿಗೆ ಬಸ್ ಚಾರ್ಜು, ಊಟ, ಸಮಯ ಎಲ್ಲವೂ ಖರ್ಚೇ. ಅವರ ಗೌರವಧನ ತಡವಾದರೆ ಅವರು ಬಾಯಿಬಿಟ್ಟು ಕೇಳುವುದಿಲ್ಲ, ದೊಡ್ಡವರ ಸ್ವಭಾವ ಅದು. ಕೇಳದಿದ್ದರೂ ತಿಂಗಳ ಗೊತ್ತಾದ ತಾರೀಖಿಗೆ ಕೈಗೆ ಸಿಗಬೇಕು. ಶಾಲಾಭಿವೃದ್ಧಿ ಸಮಿತಿಯವರು, ಹಳೆಯ ವಿದ್ಯಾರ್ಥಿಗಳು, ಊರಿನ ರೈಸ್ ಮಿಲ್ಲಿನವರು ಮನಸ್ಸು ಮಾಡಿದರೆ ಇದು ದೊಡ್ಡ ಮಾತಲ್ಲ. ಸುಗ್ಗಿಯಲ್ಲಿ ಜಾತ್ರೆಗೆ, ಗುಡಿಗೆ ಭತ್ತ ಕೊಡುವ ಊರು ನಮ್ಮದು. ಹನಿಹನಿಗೂಡಿದರೆ ಹಳ್ಳ. ಬಂದದ್ದು ಎಷ್ಟು, ಖರ್ಚಾದದ್ದು ಎಷ್ಟು ಅಂತ ನೋಟಿಸ್ ಬೋರ್ಡಿನಲ್ಲಿ ಹಚ್ಚಿದರೆ ಕೊಟ್ಟವರಿಗೂ ಸಮಾಧಾನ.

ಆದರೆ ಗುರುಗಳು, ಊರವರು ಮಾಡುವ ತನಕ ನಾವು ಕಾಯುವುದು ಬೇಡ. ಮೊದಲನೆಯ ಸಲಹೆ ಪೂರ್ತಿ ನಮ್ಮ ಕೈಯಲ್ಲೇ ಇದೆ. ಮೂರನೆಯದು ಅರ್ಧ ನಮ್ಮ ಕೈಯಲ್ಲಿದೆ. ಹೋದ ಗುರುವಾರ ನಾನೂ ನನ್ನ ಗೆಳೆಯನೂ ಹೆಡ್‌ಮಾಸ್ತರರ ಅನುಮತಿ ಕೇಳಿ ಒಂದು ಪ್ರಯೋಗ ಮಾಡಿದೆವು. ಅವನು ಬಸ್ ಸ್ಟ್ಯಾಂಡಿಗೆ ಹೋದ. ನಾನು ಊಟದ ಬಿಡುವಿನಲ್ಲೇ ಬೀಗದ ಕೈ ಇಸಿದುಕೊಂಡು ಎಲ್ಲ ಹಾಸಿಟ್ಟೆ. ಸರ್ ಬಂದು ಕುಳಿತು, ಅಭ್ಯಾಸದಂತೆ "ಪೇಟಿ ತರಾಕ ಯಾರು ಹೋಗ್ಯಾರಪ್ಪಾ?" ಅಂತ ಕೇಳಿದರು. "ನಿಮ್ಮ ಮುಂದೇ ಐತ್ರಿ ಸರ್" ಅಂದೆ. ಅವರು ಕೈಚಾಚಿ ಪೇಟಿಯ ಮೇಲೆ ಒಮ್ಮೆ ಸವರಿದರು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ "ಹಂಗಾರ ಇವತ್ತು ಹೊಸಾ ಪಾಠ ಮಾಡೂನು" ಅಂದರು. ಅವತ್ತೂ ನಾನು ಗಡಿಯಾರ ನೋಡಿದೆ. ಪಾಠ 32 ನಿಮಿಷ ನಡೆಯಿತು.

ಗೆಳೆಯರೇ, ಮುಂದಿನ ಗುರುವಾರದ ಪಾಳಿಗೆ ಹೆಸರು ಬರೆಯಲು ಈ ಲೇಖನದ ಕೆಳಗೆ ಒಂದು ಖಾಲಿ ಹಾಳೆ ಅಂಟಿಸಿದ್ದೇನೆ. ಪೆನ್ನನ್ನು ದಾರದಿಂದ ಕಟ್ಟಿದ್ದೇನೆ, ಯಾರೂ ಒಯ್ಯಬೇಡಿ. ಗುರುಗಳು ನನ್ನ ಮಾತಿನಲ್ಲಿ ಹೆಚ್ಚುಕಡಿಮೆ ಇದ್ದರೆ ಮನ್ನಿಸಬೇಕು, ಕಾಗುಣಿತ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಬೇಕು ಎಂದು ವಿನಂತಿಸುತ್ತೇನೆ.

ಇಂತಿ ನಿಮ್ಮ ಸಹಪಾಠಿ,
9ನೇ ತರಗತಿ, ಶ್ರೀರಾಮನಗರ